ಗೊತ್ತಿದ್ದೂ ಬೆಚ್ಚಿಬೀಳುವುದು ಏಕೆ?

ಪ್ರಶ್ನೆ: ನಾನು ಹಾರರ್ ಸಿನಿಮಾ ತುಂಬಾ ನೋಡುತ್ತೇನೆ. ಹೊಸದು ಯಾವುದು ಬಂದರೂ ಬಿಡುವುದಿಲ್ಲ. ಹೋದ ವಾರ ಮೊದಲ ಸಲ ನಿರ್ದೇಶಕ ಹಿಚ್‌ಕಾಕ್ ಅವರ 'ಸೈಕೋ' ನೋಡಿದೆ. ಸ್ನಾನ ಮಾಡುತ್ತಿರುವ ನಾಯಕಿಯ ಕೊಲೆಯಾಗುವ ಶವರ್ ಸೀನ್ ಬಗ್ಗೆ ಎಷ್ಟೋ ಓದಿದ್ದೆ, ತುಣುಕುಗಳನ್ನೂ ನೋಡಿದ್ದೆ. ಅದು ಬಂದಾಗ ಬೆಚ್ಚಲಿಲ್ಲ, ಆದರೆ ಆಮೇಲೆ ತುಂಬಾ ಹೊತ್ತು ಕಸಿವಿಸಿ ಆಯಿತು. ನಿಜವಾಗಿ ಬೆಚ್ಚಿದ್ದು ಪತ್ತೇದಾರ ಮೆಟ್ಟಿಲು ಹತ್ತುವಾಗ. ಕೈಲಿದ್ದ ಫೋನ್ ಬಿದ್ದೇಹೋಯಿತು. ಏನೋ ಆಗುತ್ತದೆ ಅಂತ ಗೊತ್ತಿತ್ತು. ಮಾರನೆಯ ದಿನ ಅದೊಂದೇ ಸೀನ್ ಹಾಕಿಕೊಂಡು ನೋಡಿದೆ. ಮತ್ತೆ ಬೆಚ್ಚಿದೆ. ಅರವತ್ತು ವರ್ಷ ದಾಟಿದ ಕಪ್ಪು ಬಿಳುಪು ಚಿತ್ರಕ್ಕೆ ಇದು ಹೇಗೆ ಸಾಧ್ಯ? ನಮ್ಮಂಥವರಿಗೆ ಈ ಟ್ರಿಕ್ಕುಗಳೆಲ್ಲ ಗೊತ್ತಿರುತ್ತವೆ ಅಲ್ವಾ?

ಉತ್ತರ: ನೀವು ಬರೆದದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡೇ ಪದ: 'ಮತ್ತೆ ಬೆಚ್ಚಿದೆ.' ಮೊದಲ ಸಲ ಬೆಚ್ಚಿದ್ದಕ್ಕೆ ಯಾರು ಬೇಕಾದರೂ ಕಾರಣ ಹೇಳಬಹುದು. ಎರಡನೇ ಸಲ ನಿಮಗೆ ಎಲ್ಲ ಗೊತ್ತಿತ್ತು. ಕೊಲೆ ಎಲ್ಲಿ ಆಗುತ್ತದೆ, ಯಾವ ಬಾಗಿಲಿಂದ ಬರುತ್ತಾರೆ, ಎಲ್ಲವೂ. ಆದರೂ ಮೈ ಬೆಚ್ಚಿತು. ಹಾಗಾದರೆ ಅಚ್ಚರಿ ಕಥೆಯ ಗುಟ್ಟಿನಲ್ಲಿ ಇರಲಿಲ್ಲ ಅಂತಾಯಿತು. ನಿಮ್ಮನ್ನು ಕಾಯಿಸಿದ ರೀತಿಯಲ್ಲಿ ಇತ್ತು. ಹಳೆಯ ಒಳ್ಳೆಯ ಹಾರರ್, ಸಸ್ಪೆನ್ಸ್ ಚಿತ್ರಗಳು ಇಂದಿಗೂ ಕೆಲಸ ಮಾಡುವುದು ಇದರಿಂದಲೇ ಅಂತ ನಾನು ನಂಬಿದ್ದೇನೆ. ಗುಟ್ಟು ಒಂದು ಸಲ ಬಯಲಾದರೆ ಮುಗಿಯಿತು. ಕಾಯಿಸುವುದು ಹಾಗಲ್ಲ. ಅದು ಪ್ರತಿ ಸಲವೂ ಹೊಸದಾಗಿ ಶುರುವಾಗುತ್ತದೆ.

ನಾನು ಎಡಿಟರ್. ಬೇರೆಯವರು ತೆಗೆದ ಶಾಟ್‌ಗಳನ್ನು ಮುಂದಿಟ್ಟುಕೊಂಡು ಎಲ್ಲಿ ಕತ್ತರಿಸಬೇಕು, ಎಲ್ಲಿ ಕೈ ಹಚ್ಚದೆ ಬಿಡಬೇಕು ಅಂತ ನೋಡುವುದೇ ನನ್ನ ಕೆಲಸ. ನೀವು ಹೇಳಿದ ಮೆಟ್ಟಿಲ ಸೀನನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಟ್ ಎಲ್ಲೆಲ್ಲಿ ಬರುತ್ತದೆ ಅಂತ ಬಾಯಿಪಾಠವಾಗಿದೆ. ಆದರೂ ಮೇಲಿನ ಕೋಣೆಯ ಬಾಗಿಲು ಸ್ವಲ್ಪವೇ ತೆರೆದು ನೆಲದ ಮೇಲೆ ಬೆಳಕಿನ ಗೆರೆ ಬಿದ್ದಾಗ ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. (ಚಿತ್ರದ ಕೊನೆಯ ಗುಟ್ಟನ್ನು ಇಲ್ಲಿ ಹೇಳುವುದಿಲ್ಲ. ಇನ್ನೂ ನೋಡದವರು ಧೈರ್ಯವಾಗಿ ಓದಬಹುದು. ಆದರೆ ಮಧ್ಯದ ಒಂದೆರಡು ಸೀನ್‌ಗಳ ಮಾತು ಬರುತ್ತದೆ.)

ಮೊದಲು ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಬೆಚ್ಚುವುದು ಬೇರೆ, ದಿಗಿಲು ಬೇರೆ. ಹಿಂದಿನಿಂದ ಯಾರೋ 'ಭೋ' ಅಂದರೆ ಬೆಚ್ಚುತ್ತೇವೆ. ರಾತ್ರಿ ಒಬ್ಬರೇ ಇದ್ದಾಗ ಪಕ್ಕದ ಕೋಣೆಯಲ್ಲಿ ಏನೋ ಸದ್ದಾಗಿ ಆಮೇಲೆ ಎಲ್ಲ ಸುಮ್ಮನಾದರೆ ದಿಗಿಲಾಗುತ್ತದೆ. ಬೆಚ್ಚುವುದು ದೇಹದ ಕೆಲಸ. ಜೋರು ಸದ್ದಾದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ರೆಪ್ಪೆ ಮುಚ್ಚುತ್ತದೆ. ಅಂದರೆ ಹೆಚ್ಚುಕಮ್ಮಿ ಸಿನಿಮಾದ ಒಂದು ಫ್ರೇಮ್ ತೆರೆಯ ಮೇಲೆ ಇರುವಷ್ಟು ಹೊತ್ತು. ಇದು ಮಿದುಳಿನ ಬುಡದಿಂದ ಆಗುವ ಕೆಲಸ. 'ಇದು ಸಿನಿಮಾ, ನನಗೆ ಗೊತ್ತಿತ್ತು' ಎನ್ನುವ ಬುದ್ಧಿ ಅಲ್ಲಿಗೆ ತಲುಪುವ ಹೊತ್ತಿಗೆ ಭುಜ ಮೇಲೆದ್ದು ಆಗಿರುತ್ತದೆ.

ಆದರೆ ಬರೀ ಇಷ್ಟೇ ಆಗಿದ್ದರೆ ಸದ್ದು ಮಾಡಿದ ಎಲ್ಲ ಚಿತ್ರಗಳೂ ಒಂದೇ ಥರ ಬೆಚ್ಚಿಸಬೇಕಿತ್ತು. ಹಾಗಾಗುವುದಿಲ್ಲ. ಮನಃಶಾಸ್ತ್ರದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ ಒಂದಿದೆ. ಮೊದಲೇ ಅಂಜಿಕೊಂಡಿರುವವರು ಅದೇ ಸದ್ದಿಗೆ ಹೆಚ್ಚು ಬೆಚ್ಚುತ್ತಾರೆ. ದಿಗಿಲು ಮೊದಲು, ಬೆಚ್ಚುವುದು ಆಮೇಲೆ. ಆ ಕೊನೆಯ ಅರೆ ಸೆಕೆಂಡ್ ನಿಮಗೆ ನೆನಪಿರುತ್ತದೆ. ಕೆಲಸ ನಡೆದಿರುವುದು ಅದಕ್ಕೂ ಹಿಂದಿನ ಎರಡು ನಿಮಿಷದಲ್ಲಿ.

ಈಗ ಮೆಟ್ಟಿಲ ಹತ್ತಿರ ಹೋಗೋಣ. ಪತ್ತೇದಾರ ಮನೆಯೊಳಗೆ ಬರುತ್ತಾನೆ, ಟೋಪಿ ತೆಗೆಯುತ್ತಾನೆ, ನಿಧಾನವಾಗಿ ಹತ್ತುತ್ತಾನೆ. ಕ್ಯಾಮೆರಾ ಅವನ ಮುಂದೆಯೇ ಹಿಂದಕ್ಕೆ ಹಿಂದಕ್ಕೆ ಸರಿಯುತ್ತದೆ. ಈ ಹತ್ತುವುದನ್ನು ಚೂರುಚೂರು ಶಾಟ್‌ಗಳಲ್ಲಿ ತೆಗೆದದ್ದೂ ಇತ್ತು. ಕಂಬಿ ಹಿಡಿದ ಕೈ, ಮೆಟ್ಟಿಲ ಮೇಲಿನ ಕಾಲು, ಹೀಗೆ. ಹಿಚ್‌ಕಾಕ್‌ಗೆ ಜ್ವರ ಬಂದಿದ್ದ ದಿನ ಬೇರೆಯವರು ತೆಗೆದ ಶಾಟ್‌ಗಳವು. ಅವನ್ನು ನೋಡಿ ಹಿಚ್‌ಕಾಕ್ ಬೇಡ ಅಂದರು. ಆ ಕೈ, ಆ ಕಾಲು ತೋರಿಸಿದರೆ ಹತ್ತುತ್ತಿರುವವನೇ ಕೇಡಿಗ ಅನ್ನಿಸುತ್ತದೆ, ಆದರೆ ಇವನು ಏನೂ ಅರಿಯದ ಪಾಪದ ಮನುಷ್ಯ, ಹಾಗಾಗಿ ಒಂದೇ ಸರಳ ಶಾಟ್ ಸಾಕು ಅನ್ನುವುದು ಅವರ ವಾದ. ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋ ಜೊತೆಗಿನ ದೀರ್ಘ ಮಾತುಕತೆಯಲ್ಲಿ ಅವರೇ ಇದನ್ನು ಹೇಳಿದ್ದಾರೆ.

ಎಡಿಟರ್ ಆಗಿ ಹೇಳುತ್ತೇನೆ, ಇದು ತುಂಬಾ ದೊಡ್ಡ ತೀರ್ಮಾನ. ಕಟ್ ಜಾಸ್ತಿಯಾದಷ್ಟೂ ಪ್ರೇಕ್ಷಕ ಎಚ್ಚರವಾಗುತ್ತಾನೆ. 'ಏನೋ ಬರುತ್ತಿದೆ' ಅಂತ ಕಟ್ಟೇ ಹೇಳಿಬಿಡುತ್ತದೆ. ಇಲ್ಲಿ ಶಾಟ್ ಸುಮ್ಮನಿದೆ. ನಡುವೆ ಒಂದೇ ಒಂದು ಸಲ ಬಾಗಿಲ ಸಂದಿ ತೋರಿಸುತ್ತಾರೆ. ಅದು ನಿಮಗೆ ಮಾತ್ರ ಕಂಡದ್ದು, ಅವನಿಗೆ ಕಂಡಿಲ್ಲ. ಆ ಕ್ಷಣದಿಂದ ನೀವು ಅವನನ್ನು ಕೂಗಿ ಎಚ್ಚರಿಸಬೇಕು ಅಂತ ಒಳಗೊಳಗೇ ಒದ್ದಾಡುತ್ತೀರಿ. ಆಮೇಲೆ ಕ್ಯಾಮೆರಾ ಒಮ್ಮೆಲೇ ಚಾವಣಿಯ ಹತ್ತಿರಕ್ಕೆ ಹೋಗುತ್ತದೆ. ಮನುಷ್ಯರು ಸಣ್ಣದಾಗಿ ಕಾಣುತ್ತಾರೆ. ಬಾಗಿಲು ತೆರೆದು ಒಂದು ಆಕೃತಿ ನುಗ್ಗುತ್ತದೆ. ತಕ್ಷಣ ತೆರೆ ತುಂಬಾ ಒಂದು ಮುಖ. ಅಷ್ಟು ದೂರದಿಂದ ಇಷ್ಟು ಹತ್ತಿರಕ್ಕೆ, ನಡುವೆ ಏನೂ ಇಲ್ಲದೆ. ಅಷ್ಟು ಎತ್ತರದಿಂದ ತೋರಿಸಲು ಹಿಚ್‌ಕಾಕ್ ಎರಡು ಕಾರಣ ಕೊಟ್ಟಿದ್ದಾರೆ. ಒಂದು, ಕೊಲೆಗಾರರ ಮುಖ ಮುಚ್ಚಿಡುತ್ತಿದ್ದೇವೆ ಅಂತ ಗೊತ್ತಾಗದಂತೆ ಮುಚ್ಚಿಡುವುದು. ಇನ್ನೊಂದು, ಈ ಸಣ್ಣದು ದೊಡ್ಡದರ ಏಟು. ನಿಮ್ಮ ಕಣ್ಣು ದೂರಕ್ಕೆ ಹೊಂದಿಕೊಂಡಿರುತ್ತದೆ. ಆಗಲೇ ಹತ್ತಿರದ್ದು ಬಂದು ಬಡಿಯುತ್ತದೆ. ಇದನ್ನು ಹತ್ತು ಸಲ ನೋಡಿದರೂ ಕಣ್ಣು ಮೊದಲೇ ತಯಾರಾಗಲು ಬರುವುದಿಲ್ಲ.

ಜೊತೆಗೆ ಆ ಪಿಟೀಲಿನ ಕಿರುಚಾಟ. ಬರ್ನಾರ್ಡ್ ಹರ್ಮನ್ ಇಡೀ ಚಿತ್ರಕ್ಕೆ ಬರೀ ತಂತಿವಾದ್ಯಗಳಲ್ಲೇ ಸಂಗೀತ ಮಾಡಿದರು. ಶವರ್ ಸೀನಿಗೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದರು. ಹರ್ಮನ್ ಬರೆದು ಕೇಳಿಸಿದ ಮೇಲೆ ಒಪ್ಪಿದರು. ಈಗ ಯೋಚಿಸಿ. ಶವರ್ ಸೀನಿನಲ್ಲಿ ಆ ಸದ್ದು ನಿಮಗೆ ಹೊಸದು. ಚಿತ್ರದೊಳಗೆ ಅದಕ್ಕಿನ್ನೂ ಅರ್ಥ ಬಂದಿರಲಿಲ್ಲ. ಅಲ್ಲಿ ನಿಮ್ಮ ಕಿವಿ ಒಂದು ಪಾಠ ಕಲಿಯಿತು: ಈ ಸದ್ದು ಅಂದರೆ ಚಾಕು. ಮೆಟ್ಟಿಲ ಮೇಲೆ ಅದೇ ಸದ್ದು ಎರಡನೇ ಸಲ ಬಂತು, ಕಿವಿ ಕಲಿತದ್ದನ್ನು ಒಪ್ಪಿಸಿತು. ನೀವು ಶವರ್‌ನಲ್ಲಿ ಬೆಚ್ಚದೆ ಮೆಟ್ಟಿಲ ಮೇಲೆ ಬೆಚ್ಚಿದ್ದಕ್ಕೆ ಇದೇ ಮುಖ್ಯ ಕಾರಣ ಅಂತ ನನಗೆ ಅನ್ನಿಸುತ್ತದೆ.

ತ್ರುಫೋ ಜೊತೆಯ ಅದೇ ಮಾತುಕತೆಯಲ್ಲಿ ಹಿಚ್‌ಕಾಕ್ ಕೊಟ್ಟ ಬಾಂಬಿನ ಉದಾಹರಣೆ ನೀವು ಕೇಳಿರಬಹುದು. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ. ಮೇಜಿನ ಕೆಳಗೆ ಬಾಂಬ್ ಇದೆ. ನಮಗೆ ಹೇಳದೆ ಸಿಡಿಸಿದರೆ 15 ಸೆಕೆಂಡಿನ ಆಘಾತ. ಬಾಂಬ್ ಇದೆ, ಇಷ್ಟು ಗಂಟೆಗೆ ಸಿಡಿಯುತ್ತದೆ ಅಂತ ಮೊದಲೇ ತೋರಿಸಿದರೆ 15 ನಿಮಿಷದ ಸಸ್ಪೆನ್ಸ್. ಎರಡನೆಯದರಲ್ಲಿ ಹರಟೆ ಕೂಡ ಉಸಿರು ಕಟ್ಟಿಸುತ್ತದೆ. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಒಂದು ಸೂಕ್ಷ್ಮವನ್ನು ಬಿಟ್ಟುಬಿಡುತ್ತಾರೆ. ಎರಡನೇ ವಿಧಾನದಲ್ಲಿ ಪ್ರೇಕ್ಷಕನಿಗೆ ವಿಷಯ ಗೊತ್ತಿರುವುದೇ ಭಯಕ್ಕೆ ಇಂಧನ. ಹಾಗಾಗಿ ಚಿತ್ರವನ್ನು ಇನ್ನೊಮ್ಮೆ ನೋಡಿದಾಗ ಇಂಧನ ಕಡಿಮೆಯಾಗುವುದಿಲ್ಲ. ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ.

ಗೊತ್ತಿರುವ ವಿಷಯವನ್ನೂ ಮನಸ್ಸು ಕಥೆಯೊಳಗೆ ಹೋದಾಗ ಪಕ್ಕಕ್ಕಿಡುತ್ತದೆ. ರಿಚರ್ಡ್ ಗೆರಿಗ್ ಎಂಬ ಮನಃಶಾಸ್ತ್ರಜ್ಞ 1989ರಲ್ಲಿ ಇದರ ಬಗ್ಗೆ ಪ್ರಕಟಿಸಿದ ಪ್ರಯೋಗಗಳು ನನಗೆ ತುಂಬಾ ಇಷ್ಟ. ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷ ಅಂತ ಅಲ್ಲಿನ ಎಲ್ಲರಿಗೂ ಗೊತ್ತು. ಆದರೆ 'ಅವರು ಆ ಹುದ್ದೆ ಒಪ್ಪದೇ ಹೋಗಬಹುದಿತ್ತು' ಅನ್ನುವಂತೆ ಬರೆದ ಕಥೆ ಓದಿದವರು, 'ಅವರು ಅಧ್ಯಕ್ಷರಾದರು' ಎಂಬ ವಾಕ್ಯಕ್ಕೆ ಹೌದು ಅನ್ನಲು ತುಸು ಹೆಚ್ಚು ಹೊತ್ತು ತೆಗೆದುಕೊಂಡರು. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಸಣ್ಣಕಥೆಗಳ ಮೇಲೆ ಇನ್ನೊಂದು ಪ್ರಯೋಗ ಮಾಡಿದರು. ಕೊನೆಯನ್ನು ಮೊದಲೇ ಹೇಳಿಬಿಟ್ಟರೂ ಓದುಗರ ಖುಷಿ ಕಡಿಮೆಯಾಗಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು. ಅದು ಓದಿನ ಮಾತು, ಸಿನಿಮಾಕ್ಕೆ ಹಾಗೇ ಹಚ್ಚಲಾರೆ. ಆದರೆ 'ಗೊತ್ತಾದರೆ ಮುಗಿಯಿತು' ಎಂಬ ನಮ್ಮ ನಂಬಿಕೆ ಅಷ್ಟು ಗಟ್ಟಿಯಲ್ಲ ಅಂತ ತಿಳಿಯಲು ಸಾಕು.

ಇನ್ನು ನಿಮ್ಮ ಕಸಿವಿಸಿ. ಅದು ಶವರ್ ಸೀನಿನ ರಕ್ತದಿಂದ ಬಂದದ್ದಲ್ಲ. ಚಿತ್ರದ ಉದ್ದ 109 ನಿಮಿಷ. ಮೊದಲ ಮುಕ್ಕಾಲು ಗಂಟೆ ನೀವು ಒಬ್ಬ ಹೆಂಗಸಿನ ಜೊತೆ ಇದ್ದಿರಿ. ಅವಳು 40,000 ಡಾಲರ್ ಕದ್ದು ಓಡುತ್ತಾಳೆ. ಪೊಲೀಸ್ ಬಂದರೆ ನಿಮಗೂ ಎದೆ ಹೊಡೆದುಕೊಳ್ಳುತ್ತದೆ. ಹಣ ವಾಪಸ್ ಕೊಡುತ್ತಾಳೋ, ಸಿಕ್ಕಿಬೀಳುತ್ತಾಳೋ ಅಂತ ಲೆಕ್ಕ ಹಾಕುತ್ತೀರಿ. ಆ ಲೆಕ್ಕವೆಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತದೆ. ಅವಳು ಸಾಯುತ್ತಾಳೆ ಅಂತ ನಿಮಗೆ ಗೊತ್ತಿತ್ತು ನಿಜ. ಆದರೆ ಅವಳ ಜೊತೆ ಇಡೀ ಕಥೆಯೇ ಸಾಯುತ್ತದೆ ಅಂತ ಯಾವ ತುಣುಕು ನೋಡಿದರೂ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ಅವಳ ಜೊತೆ ನಡೆದು ಬಂದವರಿಗೆ ಮಾತ್ರ ಅದು ತಟ್ಟುತ್ತದೆ. ಹಿಚ್‌ಕಾಕ್ 1960ರಲ್ಲಿ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರ್‌ಗಳಿಗೆ ಹಟ ಹಿಡಿದದ್ದು ಇದಕ್ಕೇ. ಆಗ ಜನ ಮನಸ್ಸು ಬಂದಾಗ ಹೋಗಿ ಕೂರುತ್ತಿದ್ದರು.

ಆಮೇಲಿನ ಸೀನ್ ನೆನಪಿಸಿಕೊಳ್ಳಿ. ಅವಳು ತಂಗಿದ್ದ ಮೋಟೆಲಿನ ಹುಡುಗ ಅವಳ ಹೆಣವಿರುವ ಕಾರನ್ನು ಕೆಸರಿಗೆ ತಳ್ಳುತ್ತಾನೆ. ಕಾರು ಮುಳುಗುತ್ತಾ ಮುಳುಗುತ್ತಾ ನಡುವೆ ನಿಂತುಬಿಡುತ್ತದೆ. ಅವನ ಮುಖ ಬಿಗಿಯುತ್ತದೆ. ನಿಮ್ಮ ಉಸಿರೂ ನಿಲ್ಲುತ್ತದೆ. 'ಮುಳುಗಲಪ್ಪ' ಅನ್ನಿಸುತ್ತದೆ. ಒಬ್ಬಳ ಕೊಲೆಯನ್ನು ಮುಚ್ಚಿಹಾಕುವವನ ಪರ ನೀವು ನಿಂತುಬಿಟ್ಟಿರಿ, ಸ್ವಲ್ಪ ಹೊತ್ತಿನ ಹಿಂದೆ ಸತ್ತವಳ ಪರ ಇದ್ದವರು. ನನ್ನ ಪಾಲಿಗೆ ಇಡೀ ಚಿತ್ರದ ಅತಿ ದೊಡ್ಡ ಅಚ್ಚರಿ ಇದು. ಇಲ್ಲಿ ಅಚ್ಚರಿಗೆ ಕಾರಣ ತೆರೆಯ ಮೇಲಿನ ಘಟನೆಯಲ್ಲ, ನೀವೇ. ಅದಕ್ಕೇ ಅದು ಹಳತಾಗುವುದಿಲ್ಲ.

ತೋರಿಸದೇ ಬಿಡುವುದು ಹಳೆಯವರ ಇನ್ನೊಂದು ದೊಡ್ಡ ಕಸುಬು. ಸ್ವಲ್ಪ ಮಟ್ಟಿಗೆ ಅದು ಅವರ ಆಯ್ಕೆಯಾಗಿರಲಿಲ್ಲ. ಹಾಲಿವುಡ್‌ನಲ್ಲಿ 1930ರ ದಶಕದಿಂದ 1968ರವರೆಗೆ ಏನು ತೋರಿಸಬಹುದು, ಏನು ಕೂಡದು ಎಂಬ ಕಟ್ಟುನಿಟ್ಟಿನ ನಿಯಮಾವಳಿ ಇತ್ತು. ಹಣವೂ ಎಷ್ಟೋ ಸಲ ಇರುತ್ತಿರಲಿಲ್ಲ. ಆದರೆ ಕೈ ಕಟ್ಟಿದಾಗ ಹುಟ್ಟಿದ ಉಪಾಯಗಳು ಕೈ ಬಿಚ್ಚಿದ ಮೇಲಿನ ಉಪಾಯಗಳಿಗಿಂತ ಗಟ್ಟಿಯಾಗಿ ಉಳಿದಿವೆ.

ಜರ್ಮನಿಯ ಫ್ರಿಟ್ಜ್ ಲಾಂಗ್ 1931ರಲ್ಲಿ ಮಾಡಿದ 'ಎಂ' ಚಿತ್ರದ ಶುರುವನ್ನು ನಾನು ಹೊಸಬರಿಗೆ ಎಡಿಟಿಂಗ್ ಹೇಳಿಕೊಡುವಾಗ ಮೊದಲು ತೋರಿಸುತ್ತೇನೆ. ಊರಲ್ಲಿ ಮಕ್ಕಳ ಕೊಲೆಗಾರ ಒಬ್ಬನಿದ್ದಾನೆ. ಒಬ್ಬ ತಾಯಿ ಊಟಕ್ಕೆ ತಟ್ಟೆ ಇಟ್ಟು ಮಗಳು ಎಲ್ಸಿ ಶಾಲೆಯಿಂದ ಬರುವುದನ್ನು ಕಾಯುತ್ತಿದ್ದಾಳೆ. ಎಲ್ಸಿ ದಾರಿಯಲ್ಲಿ ಚೆಂಡು ಪುಟಿಸುತ್ತಾ ಬರುತ್ತಾಳೆ. ಕೊಲೆಗಾರನನ್ನು ಹಿಡಿದುಕೊಟ್ಟರೆ ಬಹುಮಾನ ಎಂಬ ಪೋಸ್ಟರ್ ಅಂಟಿಸಿದ ಕಂಬಕ್ಕೆ ಚೆಂಡು ಎಸೆಯುತ್ತಾಳೆ. ಆ ಪೋಸ್ಟರ್ ಮೇಲೆ ಒಬ್ಬ ಗಂಡಸಿನ ನೆರಳು ಬೀಳುತ್ತದೆ. ಅವನು ಅವಳಿಗೆ ಬಲೂನ್ ಕೊಡಿಸುತ್ತಾನೆ, ಒಂದು ರಾಗ ಸಿಳ್ಳೆ ಹಾಕುತ್ತಾನೆ. ಇತ್ತ ತಾಯಿ ಗಡಿಯಾರ ನೋಡುತ್ತಾಳೆ. ಕಿಟಕಿಯಿಂದ ಕರೆಯುತ್ತಾಳೆ: 'ಎಲ್ಸಿ!' ಆ ಕೂಗಿನ ಮೇಲೆ ಖಾಲಿ ಮೆಟ್ಟಿಲುಗಳು. ಮತ್ತೆ ಕೂಗು, ಬಟ್ಟೆ ಒಣಗಿಸುವ ಖಾಲಿ ಅಟ್ಟ. ಖಾಲಿ ತಟ್ಟೆ. ಪೊದೆಯಿಂದ ಚೆಂಡು ಉರುಳಿಕೊಂಡು ಬಂದು ನಿಲ್ಲುತ್ತದೆ. ಬಲೂನ್ ತಂತಿಗೆ ಸಿಕ್ಕಿಕೊಂಡು ಒದ್ದಾಡಿ ಹಾರಿಹೋಗುತ್ತದೆ. ಅಷ್ಟೇ. ಒಂದು ಹನಿ ರಕ್ತ ಇಲ್ಲ, ಒಂದು ಕಿರುಚಾಟ ಇಲ್ಲ.

ಚೆಂಡಿನಿಂದ ಮಗುವಿನ ಸಾವಿಗೆ ಹೋದದ್ದು ಯಾರು? ಚಿತ್ರವಲ್ಲ, ನೀವು. ನಿಮ್ಮ ತಲೆಯೊಳಗೆ ಆದದ್ದು ಎಷ್ಟು ಭೀಕರ ಅಂತ ನಿಮಗೇ ಗೊತ್ತು, ಲಾಂಗ್‌ಗೆ ಗೊತ್ತಿಲ್ಲ. ಗ್ರಾಫಿಕ್ಸ್ ಹಳತಾಗುತ್ತದೆ, ಮೇಕಪ್ ಹಳತಾಗುತ್ತದೆ. ಇಂದು ನೋಡುವವರು ತಮ್ಮ ಇಂದಿನ ಭಯವನ್ನೇ ಆ ಚೆಂಡಿನ ಹಿಂದೆ ತುಂಬುತ್ತಾರೆ. ಅದು ಹಳತಾಗುವುದು ಹೇಗೆ?

ಇದಕ್ಕೆ ವಿಚಿತ್ರವಾದ ಸಾಕ್ಷಿ ಅದೇ ವರ್ಷದ 'ಫ್ರಾಂಕೆನ್‌ಸ್ಟೈನ್'. ಕೆರೆಯ ದಡದಲ್ಲಿ ದೈತ್ಯ ಮತ್ತು ಪುಟ್ಟ ಹುಡುಗಿ ಹೂ ಎಸೆದು ಆಡುತ್ತಾರೆ. ಹೂ ತೇಲುತ್ತದೆ. ಹುಡುಗಿಯೂ ತೇಲುತ್ತಾಳೆ ಅಂದುಕೊಂಡು ಅವನು ಅವಳನ್ನೂ ನೀರಿಗೆ ಎಸೆಯುತ್ತಾನೆ. ತನಗೇ ದಿಕ್ಕು ತೋಚದೆ ಓಡುತ್ತಾನೆ. ಈ ಎಸೆಯುವ ಭಾಗವನ್ನು ಸೆನ್ಸಾರ್ ಕತ್ತರಿಸಿತು. ಉಳಿದದ್ದು ಏನು? ಅವನು ಹುಡುಗಿಯ ಕಡೆ ಕೈ ಚಾಚುತ್ತಾನೆ. ಆಮೇಲೆ ತಂದೆ ಅವಳ ಹೆಣ ಹೊತ್ತು ಬರುತ್ತಾನೆ. ನಡುವೆ ಏನಾಯಿತು ಅಂತ ಪ್ರೇಕ್ಷಕ ಊಹಿಸಿಕೊಂಡದ್ದು, ನಿಜವಾಗಿ ತೆಗೆದದ್ದಕ್ಕಿಂತ ಎಷ್ಟೋ ಕೆಟ್ಟದ್ದು. ಕತ್ತರಿಸಿದ ಭಾಗ 1980ರ ದಶಕದಲ್ಲಿ ಮರಳಿ ಸೇರಿತು. ಸೇರಿದ ಮೇಲೆ ಆ ಸೀನ್ ಮೃದುವಾಯಿತು, ಕರುಳು ಹಿಂಡುವಂತಾಯಿತು.

ರಾಬರ್ಟ್ ವೈಸ್ ಅವರ 'ದಿ ಹಾಂಟಿಂಗ್' (1963) ಇದನ್ನು ಕೊನೆಯವರೆಗೆ ಒಯ್ಯುತ್ತದೆ. ಇಡೀ ಚಿತ್ರದಲ್ಲಿ ಒಂದು ದೆವ್ವವನ್ನೂ ತೋರಿಸುವುದಿಲ್ಲ. ರಾತ್ರಿ ಗೋಡೆಯಾಚೆ ಸದ್ದು ಕೇಳಿ ಒಬ್ಬಳು ಕತ್ತಲಲ್ಲಿ ಗೆಳತಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ದೀಪ ಹತ್ತುತ್ತದೆ. ಗೆಳತಿ ಕೋಣೆಯ ಆ ಕಡೆ ಇದ್ದಾಳೆ. ಹಾಗಾದರೆ ಹಿಡಿದಿದ್ದು ಯಾರ ಕೈ?

ಸಮಯವನ್ನು ಕದಿಯುವ ವಿದ್ಯೆ ನೋಡಬೇಕೆಂದರೆ 'ದಿ ಬರ್ಡ್ಸ್' (1963) ಚಿತ್ರದ ಶಾಲೆಯ ಸೀನ್. ನಾಯಕಿ ಬೆಂಚಿನ ಮೇಲೆ ಕೂತು ಸಿಗರೇಟ್ ಸೇದುತ್ತಿದ್ದಾಳೆ. ಒಳಗೆ ಮಕ್ಕಳ ಹಾಡು, ಒಂದೇ ಥರದ ಸಾಲುಗಳು ತಿರುಗಿ ತಿರುಗಿ ಬರುತ್ತವೆ. ಹಿಂದಿನ ಮಕ್ಕಳ ಆಟದ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಅವಳನ್ನು ತೋರಿಸುತ್ತಾರೆ. ಈಗ ಕೆಲವು ಕಾಗೆ. ಮತ್ತೆ ಅವಳು. ಈ ಸಲ ಶಾಟ್ ಕತ್ತರಿಸುವುದೇ ಇಲ್ಲ. ಅವಳ ಮುಖ, ಹೊಗೆ, ಹಾಡು. ನಮಗೆ ಹಿಂದೆ ನೋಡಬೇಕು ಅನ್ನಿಸುತ್ತದೆ, ಬಿಡುವುದಿಲ್ಲ. ಕೊನೆಗೆ ಆಕಾಶದಲ್ಲಿ ಹಾರುವ ಒಂದು ಕಾಗೆ ಅವಳ ಕಣ್ಣಿಗೆ ಬೀಳುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾಳೆ. ಕಂಬಿ ತುಂಬಾ ಕಾಗೆಗಳು. ಕಾಗೆ ಬರುತ್ತಿವೆ ಅಂತ ನಮಗೆ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ. ಸದ್ದಿಲ್ಲದ ಅಚ್ಚರಿ ಇದು. ಆ ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಎಲೆಕ್ಟ್ರಾನಿಕ್ ವಾದ್ಯದಲ್ಲಿ ಮಾಡಿದ ಹಕ್ಕಿಗಳ ಸದ್ದು ಮಾತ್ರ.

'ಈ ಟ್ರಿಕ್ಕುಗಳೆಲ್ಲ ನಮಗೆ ಗೊತ್ತಿರುತ್ತವೆ' ಅಂದಿರಿ. ಒಪ್ಪುತ್ತೇನೆ. ಆದರೆ ನಿಮಗೆ ಗೊತ್ತಿರುವುದು ಹೊಸ ಚಿತ್ರಗಳ ತಾಳ. ಸಂಗೀತ ನಿಂತಿತು, ಕ್ಯಾಮೆರಾ ನಿಧಾನವಾಯಿತು, ಕನ್ನಡಿಯ ಬಾಗಿಲು ಮುಚ್ಚಿದರೆ ಹಿಂದೆ ಯಾರೋ ಇರುತ್ತಾರೆ. ಈ ತಾಳ ನಿಮ್ಮ ಮೈಯಲ್ಲಿ ಕೂತಿದೆ. ಹಳೆಯ ಚಿತ್ರ ಆ ತಾಳ ಹುಟ್ಟುವ ಮೊದಲಿನದು. ಹಾಡುಹಗಲಲ್ಲಿ ಹೆದರಿಸುತ್ತದೆ. ದೂರದ ಶಾಟಿನಲ್ಲಿ, ಯಾವ ಸೂಚನೆಯೂ ಇಲ್ಲದೆ ಏನೋ ನಡೆಯುತ್ತದೆ. ನೀವು ತಪ್ಪು ಜಾಗದಲ್ಲಿ ಕಾವಲು ಕೂತಿರುತ್ತೀರಿ. ಜಾಸ್ತಿ ಹಾರರ್ ನೋಡಿದವರೇ ಹಳೆಯ ಚಿತ್ರಕ್ಕೆ ಜಾಸ್ತಿ ಬೆಚ್ಚುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಹಾಗಂತ ಸುಮ್ನೆ ಬೆಚ್ಚಿಸುವುದನ್ನು ಹಳೆಯವರು ಮಾಡಲೇ ಇಲ್ಲ ಅಂತಲ್ಲ. ಆ ವಿದ್ಯೆಯನ್ನು ಗಟ್ಟಿಯಾಗಿ ನೆಲೆಗೊಳಿಸಿದ್ದೇ ಅವರು. 'ಕ್ಯಾಟ್ ಪೀಪಲ್' (1942) ಚಿತ್ರದಲ್ಲಿ ಒಬ್ಬಳು ರಾತ್ರಿ ಒಬ್ಬಳೇ ನಡೆಯುತ್ತಾಳೆ. ಹಿಂದೆ, ಚಿರತೆಯಾಗಿ ಬದಲಾಗುತ್ತಾಳೆ ಎಂಬ ಅನುಮಾನ ಇರುವ ಇನ್ನೊಬ್ಬಳ ಹೆಜ್ಜೆ ಸದ್ದು. ಒಂದು ಹಂತದಲ್ಲಿ ಹಿಂದಿನ ಹೆಜ್ಜೆಗಳು ನಿಂತುಬಿಡುತ್ತವೆ. ಚಿರತೆ ಬರುತ್ತದೆ ಅಂತ ಕಾಯುತ್ತೇವೆ. ಬುಸ್ಸೆಂದು ಸದ್ದು ಮಾಡಿ ಫ್ರೇಮಿಗೆ ನುಗ್ಗುವುದು ಒಂದು ಬಸ್. ನಿರ್ಮಾಪಕ ವಾಲ್ ಲ್ಯೂಟನ್ ಹೆಸರಿನಿಂದ ಎಡಿಟರ್‌ಗಳು ಇಂಥ ಏಟಿಗೆ ಇಂದಿಗೂ 'ಲ್ಯೂಟನ್ ಬಸ್' ಅನ್ನುತ್ತಾರೆ. ವ್ಯತ್ಯಾಸ ಇಷ್ಟೇ. ಆ ಒಂದು ಬಸ್ಸಿಗಾಗಿ ಅವರು ಅಷ್ಟು ಹೊತ್ತು ಹೆಜ್ಜೆ ಎಣಿಸಿದರು.

ಬೆಚ್ಚಿಸಿದ್ದಕ್ಕೆ ಬೆಲೆ ತೆರಬೇಕು ಅಂತ ನಿರ್ದೇಶಕ ಸ್ಪೀಲ್‌ಬರ್ಗ್ 'ಜಾಸ್' (1975) ಮಾಡುವಾಗ ಕಂಡುಕೊಂಡರು. ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಕೆಟ್ಟು ಕೂತು, 55 ದಿನದ ಶೂಟಿಂಗ್ 159 ದಿನಕ್ಕೆ ಎಳೆಯಿತು. ಶಾರ್ಕ್ ಇಲ್ಲದೆಯೇ ಶಾರ್ಕ್ ಬಂತು ಅಂತ ತೋರಿಸಬೇಕಾಯಿತು, ಚಿತ್ರಕ್ಕೆ ಅದೇ ವರವಾಯಿತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಬಿಡುಗಡೆಗೆ ಮುಂಚಿನ ಪ್ರಿವ್ಯೂ ಪ್ರದರ್ಶನದಲ್ಲಿ ಶಾರ್ಕ್ ಮೊದಲ ಸಲ ದೋಣಿಯ ಹಿಂದೆ ಬಾಯಿ ತೆರೆದಾಗ ಜನ ಕಿರುಚಿದರು. ಸ್ಪೀಲ್‌ಬರ್ಗ್‌ಗೆ ಇನ್ನೂ ಒಂದು ಕಿರುಚಾಟ ಬೇಕು ಅನ್ನಿಸಿತು. ಮುಳುಗಿದ ದೋಣಿಯ ತೂತಿನಿಂದ ಸತ್ತವನ ತಲೆ ಹೊರಬರುವ ಶಾಟನ್ನು ಎಡಿಟರ್ ವರ್ನಾ ಫೀಲ್ಡ್ಸ್ ಅವರ ಮನೆಯ ಈಜುಕೊಳದಲ್ಲಿ, ನೀರಿಗೆ ಹಾಲು ಬೆರೆಸಿ ಕದಡಿ, ಮತ್ತೆ ತೆಗೆದರು. ಅದು ಚಿತ್ರದಲ್ಲಿ ಮೊದಲು ಬರುತ್ತದೆ. ಥಿಯೇಟರ್ ಅದಕ್ಕೆ ಜೋರಾಗಿ ಕಿರುಚಿತು. ಆದರೆ ಆಮೇಲೆ ಶಾರ್ಕ್ ಬಂದಾಗ ಕಿರುಚಾಟ ಮೊದಲಿನಷ್ಟು ಇರಲಿಲ್ಲ. ಜನ ಎಚ್ಚರವಾಗಿಬಿಟ್ಟಿದ್ದರು. ಒಂದು ಸಲ ಬೆಚ್ಚಿಸಿದ ಚಿತ್ರವನ್ನು ಪ್ರೇಕ್ಷಕ ಆಮೇಲೆ ಪೂರ್ತಿ ನಂಬುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬೆಚ್ಚಿಸುವ ಚಿತ್ರಗಳು ಮರುದಿನ ನೆನಪಿನಲ್ಲಿ ಉಳಿಯದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ಎಲ್ಲ ಇರುವುದು ಶಾಟ್‌ನಲ್ಲಿ, ಕಟ್‌ನಲ್ಲಿ ಅಂದರೆ, ಅದನ್ನೇ ನಕಲು ಮಾಡಿದರೆ ಆಯಿತಲ್ಲ? ನಿರ್ದೇಶಕ ಗಸ್ ವಾನ್ ಸ್ಯಾಂಟ್ 1998ರಲ್ಲಿ ಮಾಡಿಯೇಬಿಟ್ಟರು. 'ಸೈಕೋ'ವನ್ನು ಹೆಚ್ಚುಕಮ್ಮಿ ಶಾಟ್‌ಗೆ ಶಾಟ್, ಮಾತಿಗೆ ಮಾತು, ಬಣ್ಣದಲ್ಲಿ ತೆಗೆದರು. ಹರ್ಮನ್ ಅವರ ಸಂಗೀತವನ್ನೇ ಬಳಸಿದರು. ಬೆಚ್ಚಿಸಲಿಲ್ಲ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ನನಗೆ ಕಂಡದ್ದು ಇಷ್ಟು. ಹಳೆಯದರಲ್ಲಿ ಮೋಟೆಲಿನ ಹುಡುಗನಾಗಿ ನಟಿಸಿದ ಆಂಟನಿ ಪರ್ಕಿನ್ಸ್‌ಗೆ ಆಗ 27 ವರ್ಷ. ನಾಚಿಕೆಯ, ಸಭ್ಯ, ಒಂಟಿ ಹುಡುಗ. ಏನೋ ಮಿಠಾಯಿ ಜಗಿಯುತ್ತಾ ಮಾತಾಡುತ್ತಾನೆ, ಮಾತು ತಡವರಿಸುತ್ತದೆ. ಅವನ ಮೇಲೆ ನಿಮಗೆ ಕನಿಕರ ಹುಟ್ಟುತ್ತದೆ. ಆ ಕನಿಕರ ಇಲ್ಲದಿದ್ದರೆ ಕಾರು ಮುಳುಗುವಾಗ ಉಸಿರು ನಿಲ್ಲುವುದಿಲ್ಲ. ನಕಲಿನಲ್ಲಿ ಅವನನ್ನು ನೋಡಿದರೇ ಅನುಮಾನ ಬರುತ್ತದೆ. ಕ್ಯಾಮೆರಾ ಇಟ್ಟ ಜಾಗ ಅದೇ, ಆದರೆ ಕಾಯುವವರಿಗೆ ಯಾರಿಗಾಗಿ ಕಾಯಬೇಕು ಅನ್ನುವುದೇ ಬದಲಾಗಿದೆ.

ಎಲ್ಲ ಹಳೆಯ ಚಿತ್ರಗಳೂ ಹೀಗೆ ಅಂತ ದಯವಿಟ್ಟು ತಿಳಿಯಬೇಡಿ. ನಾವು ನೋಡುತ್ತಿರುವುದು ಉಳಿದುಕೊಂಡ ಕೆಲವನ್ನು ಮಾತ್ರ. ಮರೆತುಹೋದವು ಬೇಕಾದಷ್ಟಿವೆ. ಹೆಸರಾಂತ ಚಿತ್ರಗಳಲ್ಲೂ ಸತ್ತ ಭಾಗಗಳಿವೆ. 1931ರ 'ಡ್ರಾಕುಲಾ'ದ ಮೊದಲ ಕೆಲವು ನಿಮಿಷ, ಆ ಕೋಟೆ, ಇಂದಿಗೂ ಅದ್ಭುತ. ಆಮೇಲೆ ಡ್ರಾಯಿಂಗ್ ರೂಮಿನ ಮಾತು ಶುರುವಾದರೆ ನನಗೂ ಕಣ್ಣು ಎಳೆಯುತ್ತದೆ. 'ಸೈಕೋ'ದ ಕೊನೆಯಲ್ಲಿ ವೈದ್ಯರು ಬಂದು ಎಲ್ಲ ಬಿಡಿಸಿ ಹೇಳುತ್ತಾರಲ್ಲ, ಅದು ಬೇಕಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ.

ಈಗ ನಿಮಗೊಂದು ಕೆಲಸ. ಮೆಟ್ಟಿಲ ಸೀನನ್ನು ಮೂರನೇ ಸಲ ನೋಡಿ, ಈ ಸಲ ಸದ್ದು ಪೂರ್ತಿ ತೆಗೆದು. ದೂರದಿಂದ ಹತ್ತಿರಕ್ಕೆ ಹಾರುವ ಆ ಕಟ್ ಒಂದೇ ಎಷ್ಟು ಏಟು ಕೊಡುತ್ತದೆ ಅಂತ ಗಮನಿಸಿ. ನಾಲ್ಕನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಯಾವುದರಲ್ಲಿ ಭುಜ ಎದ್ದಿತು, ಯಾವುದರಲ್ಲಿ ಹೊಟ್ಟೆ ಹಿಂಡಿತು ಅಂತ ಬರೆದಿಟ್ಟುಕೊಳ್ಳಿ. ಎರಡೂ ಒಂದೇ ಜಾಗದಲ್ಲಿ ಆಗುವುದಿಲ್ಲ. ನಾನು ಹೇಳಿಕೊಡುವವರಿಗೆ ಮೊದಲ ವಾರ ಕೊಡುವ ಅಭ್ಯಾಸ ಇದೇ.

ಮುಂದೆ 'ಎಂ' ನೋಡಿ. ರಾತ್ರಿ, ದೀಪ ಆರಿಸಿ, ಒಂದೇ ಕೂರುವಿಕೆಯಲ್ಲಿ. ಫೋನ್ ಬೇರೆ ಕೋಣೆಯಲ್ಲಿರಲಿ. ಈ ಚಿತ್ರಗಳು ನಿಮ್ಮ ಕಾಯುವಿಕೆಯ ಮೇಲೆ ನಿಂತಿವೆ, ನಡುವೆ ಒಂದು ಮೆಸೇಜ್ ನೋಡಿದರೂ ಅದು ಕಡಿದುಹೋಗುತ್ತದೆ. ಆ ತಾಯಿ ಮಗಳನ್ನು ಕರೆಯುವಾಗ ಹೊರಗಿನ ಯಾವ ಸದ್ದೂ ಇಲ್ಲದಂತೆ ನೋಡಿಕೊಳ್ಳಿ. ಅವಳ ಧ್ವನಿ ಪ್ರತಿ ಸಲ ಬೇರೆಯಾಗಿದೆ. ಕೊನೆಯ ಕೂಗಿನ ಹೊತ್ತಿಗೆ ಅವಳಿಗೆ ಗೊತ್ತಾಗಿದೆ.